ಚುಕ್ಕೆಗಳು ಬೇರೆಬೇರೆ ನಿಂತಿವೆ, ನಂಬಬಹುದೇ?

ಜಯನಗರದ ಕಾಂಪ್ಲೆಕ್ಸ್ ಸುತ್ತಮುತ್ತಲೋ ಬಿಟಿಎಂ ಲೇಔಟಿನ ಮುಖ್ಯರಸ್ತೆಗಳಲ್ಲೋ ತಲೆಯೆತ್ತಿ ನೋಡಿದರೆ ‘ಡೇಟಾ ಸೈನ್ಸ್’ ಎಂಬ ಬೋರ್ಡು ಎಲ್ಲಾದರೂ ಒಂದು ಕಂಡೇ ಕಾಣುತ್ತದೆ. ಈ ವಿದ್ಯೆ ಕಲಿಯಲು ಹೊರಟವರಿಗೆ ಆರಂಭದ ಪಾಠಗಳಲ್ಲೇ ಎದುರಾಗುವುದು ಐರಿಸ್ ಎಂಬ ಹೂವಿನ ಅಳತೆಗಳ ಪಟ್ಟಿ. ಹೂವನ್ನು ಕಣ್ಣಾರೆ ಕಂಡವರು ಕಡಿಮೆ, ಪಟ್ಟಿಯನ್ನು ಕಾಣದವರಿಲ್ಲ. ಮೂರು ಜಾತಿ, ಜಾತಿಗೆ 50ರಂತೆ 150 ಹೂ, ಪ್ರತಿ ಹೂವಿಗೂ ನಾಲ್ಕು ಅಳತೆ. ಎರಡು ಸಾಲು ಕೋಡ್ ಬರೆದು ಎಂಟರ್ ಒತ್ತಿದರೆ ಪರದೆಯ ಮೇಲೆ ಮೂರು ಬಣ್ಣದ ಚುಕ್ಕೆಗಳು ಮೂರು ಗುಂಪಾಗಿ ನಿಲ್ಲುತ್ತವೆ. ಇದೇ ಡಿಸ್ಕ್ರಿಮಿನೆಂಟ್ ಅನಾಲಿಸಿಸ್‌ನ ಚಿತ್ರ.

ಇದೇ ಬಗೆಯ ಚಿತ್ರ ಮುಂದೆ ಎಂಬಿಎ ಪ್ರಾಜೆಕ್ಟಿನಲ್ಲಿ, ಪಿಎಚ್‌ಡಿ ಪ್ರಬಂಧದಲ್ಲಿ, ಕಂಪನಿಯ ಮೀಟಿಂಗಿನಲ್ಲಿ ಬೇರೆ ಬೇರೆ ಹೆಸರು ಹೊತ್ತು ಬರುತ್ತದೆ. ‘ನೋಡಿ ಸಾರ್, ಗುಂಪುಗಳು ಎಷ್ಟು ಕ್ಲಿಯರ್ ಆಗಿ ಬೇರೆಯಾಗಿವೆ’ ಎಂಬ ಮಾತು ಅದರ ಹಿಂದೆಯೇ ಇರುತ್ತದೆ. ತಲೆಯಾಡಿಸುವ ಮೊದಲು ಒಂದು ಸಂಗತಿ ಗೊತ್ತಿರಬೇಕು. ಯಾವ ಚುಕ್ಕೆ ಯಾವ ಗುಂಪಿನದು ಎಂದು ಸಾಫ್ಟ್‌ವೇರಿಗೆ ಮೊದಲೇ ಹೇಳಿಕೊಟ್ಟಿದ್ದೇವೆ. ಆ ಗುಂಪುಗಳನ್ನು ಎಷ್ಟು ದೂರ ನಿಲ್ಲಿಸಲು ಸಾಧ್ಯವೋ ಅಷ್ಟು ದೂರ ನಿಲ್ಲಿಸುವುದಷ್ಟೇ ಅದರ ಕೆಲಸ.

ಕಲ್ಯಾಣ ಮಂಟಪವೊಂದರಲ್ಲಿ ಇಬ್ಬರು ಫೋಟೋಗ್ರಾಫರುಗಳು ಇದ್ದಾರೆ ಎಂದುಕೊಳ್ಳಿ. ಮೊದಲನೆಯವನಿಗೆ ನೆಂಟರಲ್ಲಿ ಯಾರು ಯಾರೆಂದು ತಿಳಿಯದು. ಜನ ಆದಷ್ಟು ಹರಡಿಕೊಂಡು ಕಾಣುವ ಮೂಲೆ ಹುಡುಕಿ ಅಲ್ಲಿಂದ ಕ್ಲಿಕ್ಕಿಸುತ್ತಾನೆ. ಸಂಖ್ಯಾಶಾಸ್ತ್ರದಲ್ಲಿ ಪ್ರಿನ್ಸಿಪಲ್ ಕಾಂಪೊನೆಂಟ್ ಅನಾಲಿಸಿಸ್ ಮಾಡುವುದು ಇದನ್ನೇ. ಎರಡನೆಯವನ ಕೈಯಲ್ಲಿ ಗಂಡಿನ ಕಡೆಯವರು ಯಾರು, ಹೆಣ್ಣಿನ ಕಡೆಯವರು ಯಾರು ಎಂಬ ಪಟ್ಟಿಯಿದೆ. ಎರಡು ಕಡೆಯವರೂ ಬೇರೆಬೇರೆಯಾಗಿ ಕಾಣುವ ಕೋನ ಸಿಗುವವರೆಗೆ ಮಂಟಪವೆಲ್ಲ ಸುತ್ತಿ, ಸಿಕ್ಕ ಕಡೆಯಿಂದ ಫೋಟೋ ತೆಗೆಯುತ್ತಾನೆ. ಡಿಸ್ಕ್ರಿಮಿನೆಂಟ್ ಚಿತ್ರ ಈ ಎರಡನೆಯವನದು. ಅವನ ಫೋಟೋ ಸುಳ್ಳಲ್ಲ. ಆದರೆ ಅದನ್ನು ನೋಡಿ ‘ಎರಡು ಕಡೆಯವರೂ ಸೇರುವುದೇ ಇಲ್ಲ’ ಎಂದರೆ ತಪ್ಪಾಗುತ್ತದೆ.

ಈ ವಿದ್ಯೆಯ ಚರಿತ್ರೆಯಲ್ಲಿ ನಮ್ಮ ನೆಲದ ಪಾಲು ಸಣ್ಣದಲ್ಲ. 1936ರಲ್ಲಿ ಇಂಗ್ಲೆಂಡಿನ ರೊನಾಲ್ಡ್ ಫಿಶರ್ ಐರಿಸ್ ಹೂಗಳ ಅಳತೆ ಬಳಸಿ ಡಿಸ್ಕ್ರಿಮಿನೆಂಟ್ ಸೂತ್ರವನ್ನು ಪ್ರಕಟಿಸಿದರು. ಅಳತೆ ತೆಗೆದವರು ಅಮೆರಿಕದ ಸಸ್ಯಶಾಸ್ತ್ರಜ್ಞ ಎಡ್ಗರ್ ಆಂಡರ್ಸನ್. ಅದೇ ವರ್ಷ ಕಲ್ಕತ್ತೆಯ ಪ್ರಶಾಂತಚಂದ್ರ ಮಹಾಲನೊಬಿಸ್ ಎರಡು ಗುಂಪುಗಳ ನಡುವಿನ ದೂರವನ್ನು ಅಳೆಯುವ ತಮ್ಮ ಸೂತ್ರವನ್ನು ಪ್ರಕಟಿಸಿದರು. ಅವರು ಕಟ್ಟಿದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಬೆಂಗಳೂರು ಕೇಂದ್ರ ಮೈಸೂರು ರಸ್ತೆಯಲ್ಲಿದೆ. ಫಿಶರ್ ಎರಡು ಗುಂಪಿಗೆ ಕಟ್ಟಿದ ಸೂತ್ರವನ್ನು ಎರಡಕ್ಕಿಂತ ಹೆಚ್ಚು ಗುಂಪುಗಳಿಗೆ ಹಿಗ್ಗಿಸಿ 1948ರಲ್ಲಿ ಪ್ರಕಟಿಸಿದವರು ಸಿ. ಆರ್. ರಾವ್. 1920ರ ಸೆಪ್ಟೆಂಬರ್ 10ರಂದು ಅವರು ಹುಟ್ಟಿದ್ದು ಹೂವಿನ ಹಡಗಲಿಯಲ್ಲಿ. ಅಂದು ಮದರಾಸು ಪ್ರಾಂತ್ಯದಲ್ಲಿದ್ದ ಆ ಊರು ಇಂದು ವಿಜಯನಗರ ಜಿಲ್ಲೆಯಲ್ಲಿದೆ. 2023ರ ಆಗಸ್ಟಿನಲ್ಲಿ, 102 ವರ್ಷ ತುಂಬಿದ್ದ ರಾವ್ ಅಮೆರಿಕದಲ್ಲಿ ತೀರಿಕೊಂಡರು.

ಸೂತ್ರ ಬೆಳೆದದ್ದು ಹೂಗಳನ್ನು ಅಳೆದಷ್ಟೇ ಅಲ್ಲ, ಮನುಷ್ಯರನ್ನು ಅಳೆದೂ ಹೌದು. ಮಹಾಲನೊಬಿಸ್ ಶುರು ಮಾಡಿದ್ದು ಕಲ್ಕತ್ತೆಯ ಆಂಗ್ಲೋ ಇಂಡಿಯನ್ನರ ದೇಹದ ಅಳತೆಗಳಿಂದ. ರಾವ್ ಕೇಂಬ್ರಿಜ್‌ಗೆ ಹೋಗಿದ್ದು ಸೂಡಾನಿನ ಜೆಬೆಲ್ ಮೋಯಾದಲ್ಲಿ ಅಗೆದು ತೆಗೆದ ಅಸ್ಥಿಪಂಜರಗಳ ಅಳತೆಯ ಕೆಲಸಕ್ಕೆ. ಡಿ. ಎನ್. ಮಜುಂದಾರ್ ಅವರು ಸಂಯುಕ್ತ ಪ್ರಾಂತ್ಯದಲ್ಲಿ ಜಾತಿ, ಬುಡಕಟ್ಟುಗಳ ಜನರ ಎತ್ತರ, ತಲೆ, ಮೂಗುಗಳನ್ನು ಅಳೆದ 1941ರ ಸರ್ವೆಯ ಲೆಕ್ಕಾಚಾರವನ್ನು ಮಹಾಲನೊಬಿಸ್, ಮಜುಂದಾರ್, ರಾವ್ ಮೂವರೂ ಸೇರಿ 1949ರಲ್ಲಿ ಪ್ರಕಟಿಸಿದರು. ಫಿಶರರ ಐರಿಸ್ ಲೇಖನ ಬಂದ ಪತ್ರಿಕೆಯ ಹೆಸರೇ ‘ಆನಲ್ಸ್ ಆಫ್ ಯೂಜೆನಿಕ್ಸ್’. ಜನರನ್ನು ಗುಂಪು ಮಾಡಿ ಅಳೆಯುವ ಕಾಲದಲ್ಲಿ ಹುಟ್ಟಿದ ಉಪಕರಣವಿದು. ಗುಂಪುಗಳ ಹೆಸರು ಪಟ್ಟಿಯಲ್ಲಿ ಮೊದಲೇ ಇರುತ್ತಿತ್ತು. ಲೆಕ್ಕ ಶುರುವಾಗುತ್ತಿದ್ದುದು ಅದಾದ ಮೇಲೆ.

ಈಗ ಚಿತ್ರಕ್ಕೆ ಬರೋಣ. ಅಕ್ಷಗಳ ಹೆಸರು ಒಂದೊಂದು ಸಾಫ್ಟ್‌ವೇರಿನಲ್ಲಿ ಒಂದೊಂದು. ‘ಆರ್’ನಲ್ಲಿ ಎಲ್‌ಡಿ1, ಎಲ್‌ಡಿ2, ಎಸ್‌ಪಿಎಸ್‌ಎಸ್‌ನಲ್ಲಿ ಫಂಕ್ಷನ್ 1, ಫಂಕ್ಷನ್ 2. ಹೆಸರು ಯಾವುದಾದರೂ ಅಕ್ಷವೆಂದರೆ ಅಳತೆಗಳ ಒಂದು ಹದವಾದ ಮಿಶ್ರಣ: ಇದಕ್ಕೆ ಇಷ್ಟು ತೂಕ, ಅದಕ್ಕೆ ಅಷ್ಟು ತೂಕ, ಎಲ್ಲ ಕೂಡಿಸಿದರೆ ಬರುವ ಒಂದು ಅಂಕ. ಗುಂಪುಗಳ ಸಂಖ್ಯೆಗಿಂತ ಒಂದು ಕಡಿಮೆ ಅಕ್ಷಗಳು ಮಾತ್ರ ಸಿಗುತ್ತವೆ. ಅಳತೆಗಳೇ ಅದಕ್ಕಿಂತ ಕಡಿಮೆಯಿದ್ದರೆ ಅಕ್ಷಗಳೂ ಅಷ್ಟೇ. ಎರಡೇ ಗುಂಪಿದ್ದರೆ ಒಂದೇ ಅಕ್ಷ. ಚುಕ್ಕೆಗಳ ಚಿತ್ರದ ಬದಲು ಹಿಸ್ಟೋಗ್ರಾಮ್ ಬರುತ್ತದೆ. ‘ನನ್ನ ಪ್ಲಾಟ್ ಯಾಕೆ ಬರುತ್ತಿಲ್ಲ’ ಎಂದು ತಲೆ ಕೆಡಿಸಿಕೊಂಡ ಎಷ್ಟೋ ವಿದ್ಯಾರ್ಥಿಗಳ ಸಮಸ್ಯೆ ಇಷ್ಟೇ.

ಮೊದಲು ನೋಡಬೇಕಾದದ್ದು ಅಕ್ಷಗಳ ಪಕ್ಕದ ಶೇಕಡಾವಾರು. ಐರಿಸ್‌ನಲ್ಲಿ ಮೊದಲ ಅಕ್ಷದ ಪಾಲು ಶೇ 99.12, ಎರಡನೆಯದರ ಪಾಲು ಶೇ 0.88. ಇದು ಒಟ್ಟು ಏರುಪೇರಿನ ಪಾಲಲ್ಲ, ಗುಂಪು ಗುಂಪುಗಳ ನಡುವಿನ ಅಂತರದಲ್ಲಿ ಆ ಅಕ್ಷದ ಪಾಲು. ಪ್ರಿನ್ಸಿಪಲ್ ಕಾಂಪೊನೆಂಟ್ ಚಿತ್ರ ನೋಡಿ ಅಭ್ಯಾಸವಾದವರು ಇಲ್ಲಿಯೇ ಎಡವುತ್ತಾರೆ. ‘ಮಾಹಿತಿಯ ಶೇ 99 ಸಿಕ್ಕಿತು’ ಎಂದು ವರದಿಯಲ್ಲಿ ಬರೆದುಬಿಡುತ್ತಾರೆ. ಗುಂಪುಗಳ ನಡುವಿನ ಅಂತರವೇ ಅತ್ಯಲ್ಪವಾಗಿದ್ದರೂ ಆ ಅತ್ಯಲ್ಪದಲ್ಲಿ ಶೇ 99 ಮೊದಲ ಅಕ್ಷಕ್ಕೆ ಹೋಗಬಹುದು. ಅಂತರ ನಿಜವಾಗಿ ಎಷ್ಟು ಎಂಬುದಕ್ಕೆ ವಿಲ್ಕ್ಸ್ ಲ್ಯಾಮ್ಡಾ ಎಂಬ ಅಂಕೆ ಬೇರೆ ಇದೆ. ಅದು ಸೊನ್ನೆಗೆ ಹತ್ತಿರವಿದ್ದರೆ ಗುಂಪುಗಳು ಚೆನ್ನಾಗಿ ಬೇರೆಯಾಗಿವೆ, ಒಂದಕ್ಕೆ ಹತ್ತಿರವಿದ್ದರೆ ಏನೂ ಬೇರೆಯಾಗಿಲ್ಲ ಎಂದರ್ಥ. ಐರಿಸ್‌ನಲ್ಲಿ ಅದು ಸುಮಾರು 0.023.

ಇನ್ನು ದೂರ. ಪ್ರತಿ ಗುಂಪಿನ ಒಳಗಿನ ಹರಡಿಕೆ ಎಲ್ಲ ದಿಕ್ಕಿನಲ್ಲೂ ಸರಾಸರಿ ಒಂದು ಸ್ಟ್ಯಾಂಡರ್ಡ್ ಡೀವಿಯೇಷನ್ ಇರುವಂತೆ ಈ ಅಕ್ಷಗಳನ್ನು ಸಾಮಾನ್ಯವಾಗಿ ಹೊಂದಿಸಿರುತ್ತಾರೆ. ಹೀಗಾಗಿ ಎರಡು ಗುಂಪುಗಳ ನಡುಬಿಂದುಗಳ ನಡುವೆ ಸ್ಕೇಲ್ ಇಟ್ಟು ಅಳೆದರೆ ಬರುವುದೇ ಮಹಾಲನೊಬಿಸ್ ದೂರ. ಐರಿಸ್‌ನಲ್ಲಿ ಸೆಟೋಸಾ ಜಾತಿಯ ನಡುಬಿಂದು ಮೊದಲ ಅಕ್ಷದ ಮೇಲೆ 7.6ರಲ್ಲಿದೆ, ವರ್ಸಿಕಲರ್ ಮೈನಸ್ 1.8ರಲ್ಲಿ, ವರ್ಜಿನಿಕಾ ಮೈನಸ್ 5.8ರಲ್ಲಿ. ಸೆಟೋಸಾ ಒಂಟಿಯಾಗಿ ದೂರ ನಿಂತಿದೆ, ಉಳಿದೆರಡು ನೆರೆಹೊರೆ. ಆ ನೆರೆಹೊರೆಯವುಗಳ ನಡುವಿನ ದೂರ ಎರಡೂ ಅಕ್ಷ ಸೇರಿಸಿ ಸುಮಾರು 4.15. ಗಡಿಗೆರೆ ನಟ್ಟನಡುವೆ ಬಿದ್ದರೆ ಪ್ರತಿ ಗುಂಪಿನಿಂದ ಗೆರೆಗೆ ಎರಡು ಸ್ಟ್ಯಾಂಡರ್ಡ್ ಡೀವಿಯೇಷನ್‌ಗಿಂತ ತುಸು ಹೆಚ್ಚು. ನಾರ್ಮಲ್ ಹಂಚಿಕೆಯ ಟೇಬಲ್ ತೆರೆದು ನೋಡಿದರೆ ನೂರರಲ್ಲಿ ಎರಡು ಹೂ ಗೆರೆ ದಾಟಿ ಪಕ್ಕದ ಗುಂಪಿಗೆ ಹೋಗಬೇಕು. ಈ ಎರಡು ಜಾತಿಯ ನೂರು ಹೂಗಳಲ್ಲಿ ನಿಜಕ್ಕೂ ತಪ್ಪು ಗುಂಪಿಗೆ ಬಿದ್ದಿರುವುದು ಮೂರು. ಸ್ಕೇಲ್ ಹಿಡಿದು ಓದಿದರೆ ಚಿತ್ರ ಇಷ್ಟು ಕರಾರುವಾಕ್ಕಾಗಿ ಮಾತಾಡುತ್ತದೆ.

ಆದರೆ ಅದಕ್ಕೆ ಎರಡೂ ಅಕ್ಷಗಳ ಅಳತೆಗೋಲು ಒಂದೇ ಇರಬೇಕು. ‘ಆರ್’ನ ಮಾಸ್ ಪ್ಯಾಕೇಜು ಡಿಸ್ಕ್ರಿಮಿನೆಂಟ್ ಚಿತ್ರ ಬರೆಯುವಾಗ ಈ ಎಚ್ಚರ ವಹಿಸುತ್ತದೆ. ಜಿಜಿಪ್ಲಾಟ್‌ನಂಥ ಪ್ಯಾಕೇಜುಗಳು ನಾವು ಹೇಳದಿದ್ದರೆ ಚಿತ್ರವನ್ನು ಚೌಕಟ್ಟಿಗೆ ತಕ್ಕಂತೆ ಎಳೆದು ಕೂರಿಸುತ್ತವೆ. ಆಗ ಶೇ 0.88ರ ಎರಡನೇ ಅಕ್ಷವೂ ಶೇ 99ರ ಮೊದಲನೆಯದರಷ್ಟೇ ಉದ್ದ ಕಾಣುತ್ತದೆ. ಮೇಲಕ್ಕೂ ಕೆಳಕ್ಕೂ ಹರಡಿದ ಚುಕ್ಕೆಗಳಿಗೆ ಅರ್ಥ ಹಚ್ಚುತ್ತಾ ಕೂತವರ ಶ್ರಮವೆಲ್ಲ ನೀರಲ್ಲಿ ಹೋಮ. ಎಡ, ಬಲಕ್ಕೂ ಅರ್ಥ ಹಚ್ಚಬಾರದು. ಒಂದು ಸಾಫ್ಟ್‌ವೇರಿನಲ್ಲಿ ಬಲಕ್ಕಿರುವ ಗುಂಪು ಇನ್ನೊಂದರಲ್ಲಿ ಎಡಕ್ಕೆ ಬಂದರೆ ಗಾಬರಿ ಬೇಡ. ಪ್ಲಸ್ಸು, ಮೈನಸ್ಸಿನ ಆಯ್ಕೆ ಸಾಫ್ಟ್‌ವೇರಿನದು.

ಯಾವ ಅಳತೆಯಿಂದ ಗುಂಪುಗಳು ಬೇರೆಯಾದವು ಎಂದು ಹೇಳುವಾಗ ಇನ್ನೊಂದು ಗುಂಡಿ ಇದೆ. ಐರಿಸ್‌ನ ಮೊದಲ ಅಕ್ಷದಲ್ಲಿ ಹೊರದಳ, ಅಂದರೆ ಸೀಪಲ್‌ನ ಉದ್ದಕ್ಕೆ ಸಿಗುವ ತೂಕ ಪ್ಲಸ್ 0.83. ಒಳದಳ, ಅಂದರೆ ಪೆಟಲ್‌ನ ಉದ್ದಕ್ಕೆ ಮೈನಸ್ 2.2. ಸೆಟೋಸಾ ನಿಂತಿರುವುದು ಪ್ಲಸ್ ಕಡೆ. ‘ಹಾಗಾದರೆ ಸೆಟೋಸಾದ ಹೊರದಳ ಉದ್ದ’ ಎಂದು ಬರೆದರೆ ಶುದ್ಧ ತಪ್ಪು. ಸರಾಸರಿ ನೋಡಿ: ಸೆಟೋಸಾದ ಹೊರದಳ 5.0 ಸೆಂಟಿಮೀಟರ್, ವರ್ಸಿಕಲರ್‌ನದು 5.9, ವರ್ಜಿನಿಕಾದ್ದು 6.6. ಮೂರರಲ್ಲಿ ಸೆಟೋಸಾದ್ದೇ ಗಿಡ್ಡ. ಪ್ಲಸ್ ಚಿಹ್ನೆ ಬಂದದ್ದೇಕೆಂದರೆ, ಉಳಿದ ಮೂರು ಅಳತೆಗಳು ಸಮವಾಗಿರುವ ಎರಡು ಹೂಗಳಿದ್ದರೆ ಹೊರದಳ ಉದ್ದವಾಗಿರುವುದು ಸೆಟೋಸಾ ಕಡೆಗೆ ವಾಲುತ್ತದೆ ಎಂದು ಅದು ಹೇಳುತ್ತಿದೆ. ಒಂದೊಂದು ಅಳತೆಗೂ ಅಕ್ಷಕ್ಕೂ ಇರುವ ನೇರ ನಂಟು ಬೇಕೆಂದರೆ ಎಸ್‌ಪಿಎಸ್‌ಎಸ್ ‘ಸ್ಟ್ರಕ್ಚರ್ ಮ್ಯಾಟ್ರಿಕ್ಸ್’ ಎಂದು ಕೊಡುವ ಕೋಷ್ಟಕ ನೋಡಬೇಕು. ತೂಕಗಳ ಗಾತ್ರವನ್ನು ಹಾಗೆಯೇ ಹೋಲಿಸುವುದೂ ಸಲ್ಲದು. ಸೆಂಟಿಮೀಟರನ್ನು ಮಿಲಿಮೀಟರ್ ಮಾಡಿದರೆ ತೂಕ ಹತ್ತರಲ್ಲೊಂದು ಪಾಲಾಗುತ್ತದೆ, ಹೂವೇನೂ ಬದಲಾಗಿರುವುದಿಲ್ಲ.

ಗುಂಪುಗಳ ಸುತ್ತ ಬರೆದಿರುವ ಮೊಟ್ಟೆಯಾಕಾರದ ಗೆರೆಯನ್ನೂ ಕೇಳಿ ತಿಳಿದುಕೊಳ್ಳಬೇಕು. ಅದು ಗುಂಪಿನ ಶೇ 95 ಮಂದಿಯನ್ನು ಒಳಗೊಳ್ಳುವ ಗೆರೆಯೋ, ಗುಂಪಿನ ಸರಾಸರಿ ಇರಬಹುದಾದ ಜಾಗದ ಗೆರೆಯೋ? ಎರಡನೆಯದು ಸ್ಯಾಂಪಲ್ ಹೆಚ್ಚಿದಷ್ಟೂ ಚಿಕ್ಕದಾಗುತ್ತಾ ಹೋಗುತ್ತದೆ. ಸಾವಿರಾರು ಜನರಿದ್ದರೆ ಎರಡು ಪುಟ್ಟ ವೃತ್ತಗಳು ಒಂದನ್ನೊಂದು ಮುಟ್ಟದೆ ನಿಂತಿರುತ್ತವೆ, ಒಳಗಿನ ಜನ ಮಾತ್ರ ಪೂರ್ತಿ ಬೆರೆತುಹೋಗಿರುತ್ತಾರೆ.

ಗಡಿಗೆರೆಯ ಜಾಗವನ್ನೂ ಸಾಫ್ಟ್‌ವೇರಿನ ಡೀಫಾಲ್ಟ್ ಸೆಟ್ಟಿಂಗ್ ತೀರ್ಮಾನಿಸುತ್ತದೆ. ಎಸ್‌ಪಿಎಸ್‌ಎಸ್ ಎಲ್ಲ ಗುಂಪಿಗೂ ಸಮಾನ ಸಂಭವ ಎಂದು ಹಿಡಿದು ಹೊರಡುತ್ತದೆ. ‘ಆರ್’ ನಮ್ಮ ಪಟ್ಟಿಯಲ್ಲಿ ಯಾವ ಗುಂಪು ಎಷ್ಟಿದೆಯೋ ಆ ಪ್ರಮಾಣವನ್ನೇ ಹಿಡಿಯುತ್ತದೆ. ಆಸ್ಪತ್ರೆಯ ಡೇಟಾದಲ್ಲಿ ರೋಗಿಗಳು 50, ಆರೋಗ್ಯವಂತರು 50 ಇದ್ದರೆ ಎರಡೂ ಒಂದೇ. ಹೊರಗಿನ ಜಗತ್ತಿನಲ್ಲಿ ಆ ರೋಗ ಸಾವಿರಕ್ಕೊಬ್ಬರಿಗೆ ಇದ್ದರೆ ಈ ಗೆರೆ ಎಷ್ಟೋ ಆರೋಗ್ಯವಂತರನ್ನು ರೋಗಿಗಳ ಕಡೆ ತಳ್ಳುತ್ತದೆ.

ಇಷ್ಟೆಲ್ಲ ಸರಿಯಾಗಿ ಓದಿದರೂ ದೊಡ್ಡ ಅಪಾಯ ಬಾಕಿಯಿದೆ. ಲ್ಯಾಪ್‌ಟಾಪ್ ಇರುವವರು ಮಾಡಿ ನೋಡಬಹುದು. 30 ಸಾಲು, 25 ಕಾಲಂ ಇರುವ ಟೇಬಲ್ಲಿನ ತುಂಬ ಕಂಪ್ಯೂಟರಿನಿಂದ ರ‍್ಯಾಂಡಮ್ ಸಂಖ್ಯೆ ತುಂಬಿ. ಮೊದಲ ಹತ್ತು ಸಾಲಿಗೆ ‘ಅ’, ಮುಂದಿನ ಹತ್ತಕ್ಕೆ ‘ಬ’, ಕೊನೆಯ ಹತ್ತಕ್ಕೆ ‘ಕ’ ಎಂದು ಹೆಸರಿಡಿ. ಇವುಗಳ ನಡುವೆ ಯಾವ ವ್ಯತ್ಯಾಸವೂ ಇಲ್ಲ, ಹೆಸರು ನಾವು ಸುಮ್ಮನೆ ಅಂಟಿಸಿದ್ದು. ಡಿಸ್ಕ್ರಿಮಿನೆಂಟ್ ಅನಾಲಿಸಿಸ್ ಮಾಡಿದರೆ ಮೂರೂ ಗುಂಪುಗಳು ಐರಿಸ್ ಹೂಗಳೇ ನಾಚುವಂತೆ ದೂರ ದೂರ ನಿಲ್ಲುತ್ತವೆ. ಸಾಲುಗಳು ಕಡಿಮೆ, ಕಾಲಂಗಳು ಜಾಸ್ತಿ ಇದ್ದಾಗ ಬೇಕಾದಂತೆ ಬೇರ್ಪಡಿಸುವ ಒಂದು ಮಿಶ್ರಣ ಸಿಕ್ಕೇ ಸಿಗುತ್ತದೆ. ಮಿದುಳಿನ ಸ್ಕ್ಯಾನು, ಜೀನುಗಳ ಡೇಟಾದಲ್ಲಿ ಮೂವತ್ತು ಮಂದಿಗೆ ಸಾವಿರಾರು ಅಳತೆ ಇರುವುದು ಮಾಮೂಲು; ಅಲ್ಲಿ ಈ ಅಪಾಯ ಇನ್ನೂ ಹೆಚ್ಚು.

ಇದಕ್ಕೆ ಮದ್ದು ಕಂಡುಹಿಡಿದಾಗಿದೆ. ಒಂದು ಸಾಲನ್ನು ಬದಿಗಿಟ್ಟು, ಉಳಿದವುಗಳಿಂದ ಸೂತ್ರ ಕಟ್ಟಿ, ಬದಿಗಿಟ್ಟದ್ದು ಯಾವ ಗುಂಪಿಗೆ ಬೀಳುತ್ತದೆ ನೋಡುವುದು. ಹೀಗೆ ಪ್ರತಿ ಸಾಲಿಗೂ ಮಾಡುವುದು. ಎಸ್‌ಪಿಎಸ್‌ಎಸ್‌ನಲ್ಲಿ ‘ಲೀವ್ ಒನ್ ಔಟ್’ ಎಂಬ ಚೌಕಕ್ಕೆ ಟಿಕ್ ಹಾಕಿದರೆ ಸಾಕು. ಐರಿಸ್‌ಗೆ ಈ ಪರೀಕ್ಷೆ ಒಡ್ಡಿದರೂ ತಪ್ಪು ಮೂರೇ. ನಮ್ಮ ರ‍್ಯಾಂಡಮ್ ಪಟ್ಟಿಗೆ ಒಡ್ಡಿದರೆ ಮೂರರಲ್ಲಿ ಒಂದು ಸರಿ ಬಂದರೆ ಹೆಚ್ಚು. ಕಣ್ಣು ಮುಚ್ಚಿ ಊಹಿಸಿದರೂ ಅಷ್ಟು ಬರುತ್ತದೆ. ಚುಕ್ಕೆಗಳ ಚಿತ್ರಕ್ಕೂ ಈ ಪರೀಕ್ಷೆಯ ಸರಿ, ತಪ್ಪುಗಳ ಕೋಷ್ಟಕಕ್ಕೂ ಜಗಳ ಬಂದರೆ ಕೋಷ್ಟಕವನ್ನೇ ನಂಬಬೇಕು.

ಕೋಷ್ಟಕವೂ ಉತ್ತರಿಸಲಾಗದ ಪ್ರಶ್ನೆ ಗುಂಪುಗಳದ್ದು. ಯಾವುದೋ ಕಂಪನಿ ದಕ್ಷಿಣ ಬೆಂಗಳೂರಿನಲ್ಲಿ ಸರ್ವೆ ಮಾಡಿಸಿತು ಎಂದುಕೊಳ್ಳೋಣ. ಜಯನಗರ, ಜೆಪಿ ನಗರ, ಬನಶಂಕರಿ, ಬಿಟಿಎಂ ಲೇಔಟ್ ಎಂಬ ನಾಲ್ಕು ಗುಂಪು. ವಯಸ್ಸು, ಬಾಡಿಗೆ, ತಿಂಗಳ ಹೋಟೆಲ್ ಖರ್ಚು, ಕೆಲಸಕ್ಕೆ ಹೋಗಿ ಬರುವ ಸಮಯ, ಒಂದೇ ಮನೆಯಲ್ಲಿರುವ ವರ್ಷಗಳು ಎಂಬ ಅಳತೆ. ಚಿತ್ರದಲ್ಲಿ ಪಿಜಿಗಳ ಬಿಟಿಎಂ ಒಂದು ತುದಿಗೆ, ಹಳೇ ಮನೆಗಳ ಜಯನಗರ ಇನ್ನೊಂದು ತುದಿಗೆ, ಜೆಪಿ ನಗರ, ಬನಶಂಕರಿಗಳು ನಡುವೆ ಒಂದರ ಮೇಲೊಂದು ಬಿದ್ದಂತೆ ಬಂದಿತೆನ್ನಿ. ‘ಈ ಎರಡಕ್ಕೂ ವ್ಯತ್ಯಾಸವಿಲ್ಲ’ ಎನ್ನಲು ಅವಸರ ಬೇಡ. ನಾಲ್ಕು ಗುಂಪಿಗೆ ಮೂರು ಅಕ್ಷ ಸಿಗುತ್ತದೆ, ಕಾಗದದ ಮೇಲೆ ಬಂದಿರುವುದು ಎರಡೇ. ಮೂರನೆಯದರಲ್ಲಿ ಇವೆರಡೂ ದೂರವಿರಬಹುದು.

ಇಲ್ಲಿ ಜೆಪಿ ನಗರ ಎಂದರೆ ಯಾವುದು? ಜಯನಗರಕ್ಕೆ ಒತ್ತಿಕೊಂಡಿರುವ ಮೊದಲ ಹಂತವೋ, ಊರಾಚೆಗೆ ಬೆಳೆದ ಒಂಬತ್ತನೆಯದೋ? ಬನಶಂಕರಿ ಎರಡನೇ ಹಂತಕ್ಕೂ ಆರನೇ ಹಂತಕ್ಕೂ ಎಷ್ಟು ಸಾಮ್ಯವಿದೆ ಎಂದು ಅಲ್ಲಿ ಸೈಟು ಹುಡುಕಿದವರಿಗೆ ಹೇಳಬೇಕಿಲ್ಲ. ಸೂತ್ರವಾದರೋ ಪ್ರತಿ ಗುಂಪೂ ಒಂದೇ ಮುದ್ದೆ ಎಂದು ನಂಬಿ ನಡೆಯುತ್ತದೆ. ಒಳಗೆ ಎರಡು ಮುದ್ದೆಗಳಿದ್ದರೆ ನಡುಬಿಂದು ಯಾರೂ ವಾಸವಿಲ್ಲದ ಖಾಲಿ ಜಾಗದಲ್ಲಿ ಬೀಳುತ್ತದೆ, ‘ಸರಾಸರಿ ಜೆಪಿ ನಗರದ ಗ್ರಾಹಕ’ ಎಂಬ ಇಲ್ಲದ ವ್ಯಕ್ತಿಗಾಗಿ ಜಾಹೀರಾತು ತಯಾರಾಗುತ್ತದೆ. ಇದೇ ಸೂತ್ರಕ್ಕೆ ರಾಜಾಜಿನಗರದವರೊಬ್ಬರ ವಿವರ ಕೊಟ್ಟರೆ ಸಾಫ್ಟ್‌ವೇರ್ ‘ಇವರು ಇಲ್ಲಿಯವರಲ್ಲ’ ಎನ್ನುವುದಿಲ್ಲ. ನಾಲ್ಕರಲ್ಲಿ ಯಾವುದೋ ಒಂದಕ್ಕೆ ಸೇರಿಸಿ, ಶೇ 97 ಖಚಿತ ಎಂದೂ ಹೇಳಬಹುದು. ಆ ಶೇಕಡಾವಾರು ನಾಲ್ಕು ಗುಂಪುಗಳ ನಡುವಿನ ಹೋಲಿಕೆ ಮಾತ್ರ. ಆ ಚುಕ್ಕೆ ನಾಲ್ಕರಿಂದಲೂ ಬಹುದೂರ ಇದೆಯೇ ಎಂಬುದು ಬೇರೆ ಅಂಕೆ. ಎಸ್‌ಪಿಎಸ್‌ಎಸ್ ಒಬ್ಬೊಬ್ಬರ ವಿವರದ ಕೋಷ್ಟಕದಲ್ಲಿ ಅದನ್ನೂ ಕೊಡುತ್ತದೆ, ಓದುವವರು ಕಡಿಮೆ.

ಸರ್ವೆಯಲ್ಲಿ ಹೀಗಾದರೆ ಒಂದಿಷ್ಟು ಜಾಹೀರಾತು ದುಡ್ಡು ಪೋಲಾಗುತ್ತದೆ, ಅಷ್ಟೇ. ಇದೇ ಕುಲದ ಲೆಕ್ಕಾಚಾರ ಸಾಲ ತೀರಿಸುವವರು ಯಾರು, ತೀರಿಸದವರು ಯಾರು ಎಂದು ವಿಂಗಡಿಸಲೂ ಬಳಕೆಯಾಗುತ್ತದೆ. ಕಂಪನಿಗಳು ದಿವಾಳಿಯಾಗುವ ಸಂಭವ ಅಳೆಯಲು ಎಡ್ವರ್ಡ್ ಆಲ್ಟ್‌ಮನ್ 1968ರಲ್ಲಿ ಕೊಟ್ಟ ‘ಝಡ್ ಸ್ಕೋರ್’ ಹುಟ್ಟಿದ್ದು ಡಿಸ್ಕ್ರಿಮಿನೆಂಟ್ ಅನಾಲಿಸಿಸ್‌ನಿಂದಲೇ. ಅಲ್ಲಿ ಗೆರೆಯ ಆಚೆ ಬಿದ್ದ ಚುಕ್ಕೆ ಎಂದರೆ ಒಂದು ಕಾರ್ಖಾನೆ, ಅದನ್ನು ನಂಬಿದ ಮನೆಗಳು.

ಆದ್ದರಿಂದ ಇಂಥ ಚಿತ್ರ ತೋರಿಸಿದವರನ್ನು ಎರಡು ಮಾತು ಕೇಳಿ. ಸೂತ್ರ ಕಟ್ಟುವಾಗ ಬಳಸದ ಚುಕ್ಕೆಗಳು ಎಲ್ಲಿ ಬಿದ್ದವು? ಈ ಗುಂಪುಗಳನ್ನು ಹೀಗೆಯೇ ಮಾಡಬೇಕೆಂದು ಹೇಳಿದವರು ಯಾರು? ಮೊದಲನೆಯದಕ್ಕೆ ಸಾಫ್ಟ್‌ವೇರಿನಿಂದಲೇ ಉತ್ತರ ತೆಗೆಸಬಹುದು. ಎರಡನೆಯದಕ್ಕೆ ಉತ್ತರವಿಲ್ಲದಿದ್ದರೆ ಚುಕ್ಕೆಗಳು ಎಷ್ಟೇ ದೂರ ನಿಂತಿರಲಿ, ಆ ಸ್ಲೈಡಿನ ಮೇಲೆ ಯಾವ ನಿರ್ಧಾರವನ್ನೂ ತೆಗೆದುಕೊಳ್ಳಬೇಡಿ.